ಕೆಂಚೇಗೌಡನ ಬಿದ್ದ ಬಾಳೆ

“ಗುರುಗಳೇ, ಆ ನಂಜುಂಡ ಊಟದ ಪಂಕ್ತೀಲಿ ಎಲ್ಲರೆದುರಿಗೆ ನನ್ನನ್ನ ಕಳ್ಳ ಅಂದ. ಅವನಾಗೇ ಬಂದು ತಪ್ಪಾಯ್ತು ಅನ್ನೋ ತನಕ ನಾನು ಪಂಕ್ತೀಲಿ ಕೂರಲ್ಲ, ಯಾರ ಜೊತೇನೂ ನಗಲ್ಲ. ಸರಿ ತಾನೆ?” ಅಂತ ಶಿಷ್ಯ ಕೇಳಿದ. ನಂಜುಂಡ ಆ ಮಾತಂದದ್ದು ಮುಂಗಾರಿನಲ್ಲಿ. ಈಗ ಸುಗ್ಗಿ.

ಮುದಿ ಗುರುಗಳು ವೀಳ್ಯದೆಲೆಗೆ ಸುಣ್ಣ ಸವರುತ್ತಾ ಕತೆ ಶುರು ಮಾಡಿದರು.

ಒಬ್ಬ ಬಾಳೆ ರೈತ ಇದ್ದ. ಹೆಸರು ಕೆಂಚೇಗೌಡ ಅಂತಿಟ್ಕೋ. ಇನ್ನೇನು ಗೊನೆ ಕಡೀಬೇಕು, ಅಷ್ಟರಲ್ಲಿ ಒಂದು ಗಾಳಿ ಬೀಸ್ತು. ಎಂಥಾ ಗಾಳಿ ಅಂತೀಯಾ! ಈ ಊರಲ್ಲಿ ಕೂಗೋಕೆ ಬಾಯಿ ತೆಗೆದ ಹುಂಜ, ಕೂಗಿ ಮುಗಿಸಿದ್ದು ಆಚೆ ಊರಲ್ಲಿ.

“ಹುಂಜನಾ?” ಅಂದ ಶಿಷ್ಯ.

“ಬಾವೀನೂ ಒಂದು ಮಾರು ಸರೀತು. ಸುಮ್ನೆ ಕೇಳು.”

ತೋಟಕ್ಕೆ ತೋಟಾನೇ ಮಲಗಿಬಿಡ್ತು. ಸರ್ಕಾರ ಪರಿಹಾರ ಕೊಡುತ್ತೆ, ಸಾಹೇಬ್ರು ಬಂದು ನೋಡ್ತಾರೆ ಅಂತ ಊರಲ್ಲಿ ಸಾರಿದ್ರು. ಬಿದ್ದದ್ದು ಬಿದ್ದ ಹಾಗೇ ಇದ್ರೆ ತಾನೆ ಸಾಹೇಬ್ರ ಕಣ್ಣಿಗೆ ಕಾಣೋದು ಅಂದ್ಕೊಂಡ ಕೆಂಚೇಗೌಡ. ಕಾವಲಿಗೆ ಕೂತ. ಹಸು ಬಂದು ಬಾಡಿದ ಎಲೆಗೆ ಬಾಯಿ ಹಾಕಿದ್ರೆ, “ಏಯ್, ಅದು ಸರ್ಕಾರಕ್ಕೆ ತೋರಿಸೋ ನಷ್ಟ ಕಣೇ!” ಅಂತ ಅಟ್ಟಿಸ್ಕೊಂಡು ಹೋಗ್ತಿದ್ದ. ಅಳೋದನ್ನೂ ಅಭ್ಯಾಸ ಮಾಡ್ಕೊಂಡ. ಎಷ್ಟು ಚೆನ್ನಾಗಿ ಅಳ್ತಿದ್ದ ಅಂದ್ರೆ, ಪಕ್ಕದೂರಿನವರು ಸಾವಿನ ಮನೆಗೆ ಬಾರಪ್ಪ ಅಂತ ಎಲೆ ಅಡಿಕೆ ಇಟ್ಟು ಕರೆದ್ರು.

ಆದ್ರೆ ಬಾಳೆಗೆ ಅವನ ಕಷ್ಟ ಎಲ್ಲಿ ಗೊತ್ತಾಗ್ಬೇಕು? ಬಿದ್ದ ಮರದ ಬುಡದಲ್ಲೇ ಹೊಸ ಕಂದು, ಅದೇ ಬಾಳೆ ಮರಿಗಳು, ಎದ್ದವು. ಕೆಂಚೇಗೌಡ ಕಂಗಾಲಾದ. ತೋಟ ಹಸಿರಾಗಿ ಕಂಡ್ರೆ ಪರಿಹಾರ ಹೋಯ್ತಲ್ಲ! ದಿನಾ ಬೆಳಿಗ್ಗೆ ಗುದ್ದಲಿ ಹಿಡ್ಕೊಂಡು ಹೋಗಿ ಎದ್ದ ಕಂದನ್ನೆಲ್ಲ ಕಿತ್ತು ಹಾಕ್ತಿದ್ದ.

ಪಕ್ಕದ ತೋಟದ ಚೌಡಮ್ಮನ ಬಾಳೇನೂ ಅದೇ ಗಾಳಿಗೆ ಮಲಗಿತ್ತು. ಆಕೆ ಹೊಟ್ಟೆ ತುಂಬ ಅತ್ತಳು, ಮೂಗು ಒರೆಸ್ಕೊಂಡಳು, ಮಚ್ಚು ತಗೊಂಡಳು. ಚೆನ್ನಾಗಿದ್ದ ಎಲೆ ಮದುವೆ ಮನೆಗೆ ಹೋಯ್ತು, ದಿಂಡು ಸಂತೆಗೆ ಹೋಯ್ತು. ಮಿಕ್ಕದ್ದನ್ನ ಕೊಚ್ಚಿ ಕಂದಿನ ಬುಡಕ್ಕೇ ಹಾಕಿದ್ಲು.

ಕೆಂಚೇಗೌಡ ಬೇಲಿ ಹತ್ರ ಓಡಿ ಬಂದ. “ಅಕ್ಕಾ, ಬುದ್ಧಿ ನೆಟ್ಟಗಿದೆಯಾ ನಿಂಗೆ? ಸಾಹೇಬ್ರು ಬಂದ್ರೆ ಏನು ತೋರಿಸ್ತೀಯ?”

“ಮುರಿದ ಬುಡ ಹಂಗೇ ಬಿಟ್ಟಿದ್ದೀನಲ್ಲಪ್ಪ, ನೋಡ್ಕೊಳ್ಲಿ. ಸಾಹೇಬ್ರು ಬರೋ ತನಕ ಬೆಳೀಬೇಡ ಅಂತ ಕಂದಿಗೆ ಹೇಳೋಕಾಗುತ್ತಾ?”

ಸಾಹೇಬ್ರು ಬಂದ್ರು. ಯಾವಾಗ? ಚೌಡಮ್ಮನ ಬಾಳೆ ಆಳೆತ್ತರ ಆದ ಮೇಲೆ. ಜೀಪು ನಿಂತಿದ್ದೇ ತಡ, ಕೆಂಚೇಗೌಡ ಗೊಳೋ ಅಂದ. ಡ್ರೈವರೂ ಅತ್ತ. ಜೀಪೂ ಅಳ್ತಿತ್ತು, ಅಷ್ಟರಲ್ಲಿ ಪೆಟ್ರೋಲು ಮುಗೀತು. ಸಾಹೇಬ್ರು, “ಸಾಕು ಸುಮ್ನಿರಪ್ಪ” ಅಂದು ಎರಡು ತೋಟದಲ್ಲೂ ಬುಡ ನೋಡಿ, ಇಬ್ಬರಿಗೂ ಸರಿಸಮ ಪರಿಹಾರ ಬರೆದು ಹೋದ್ರು.

ದುಡ್ಡೂ ಬಂತು. ಆದ್ರೆ ಕೆಂಚೇಗೌಡನ ತೋಟದಲ್ಲಿ ಬಿದ್ದ ಬಾಳೆಯೆಲ್ಲ ಕೊಳೆತು ಹುಳ ಬಿದ್ದಿತ್ತು, ಒಂದು ಕಂದೂ ಉಳಿದಿರಲಿಲ್ಲ. ಹೊಸದಾಗಿ ನೆಡಬೇಕು. ಸುತ್ತಲ ಊರೆಲ್ಲ ಹುಡುಕಿದ. ಕಂದು ಇದ್ದದ್ದು ಚೌಡಮ್ಮನ ಹತ್ರ ಮಾತ್ರ. ಅವನ ಪರಿಹಾರವೆಲ್ಲ ಆಕೆಯ ಸೆರಗಿನ ಗಂಟು ಸೇರ್ತು.

ಗಾಡಿಗೆ ಕಂದು ಹೇರಿಸಿ ಚೌಡಮ್ಮ ಅಂದಳು, “ತಗೋ ತಮ್ಮಾ, ಮೇಲೊಂದು ಹೆಚ್ಚಿಗೆ ಇಟ್ಟಿದ್ದೀನಿ. ಅದಕ್ಕೆ ಕಾಸು ಬೇಡ. ಇದನ್ನಾದ್ರೂ ಬೆಳೆಯೋಕೆ ಬಿಡು.”

ಮುಂಗಾರಿನಿಂದ ನಗದೇ ಇದ್ದ ಶಿಷ್ಯ ಹೊಟ್ಟೆ ಹಿಡ್ಕೊಂಡು ನಕ್ಕ. “ಎಂಥಾ ಪೆದ್ದ ಗುರುಗಳೇ ಅವನು! ಯಾರೋ ಬಂದು ನೋಡ್ಲಿ ಅಂತ ತನ್ನ ತೋಟ ತಾನೇ ಕೀಳ್ತಾ ಕೂರೋದಾ?”

ಗುರುಗಳು ವೀಳ್ಯ ಮಡಿಸಿ ದವಡೆಗಿಟ್ಟುಕೊಂಡು ಕೇಳಿದರು: “ಅದಿರ್ಲಿ, ನಿನ್ನ ನಂಜುಂಡ ಯಾವತ್ತು ಬರ್ತಾನಂತೆ?”