ನೂಲಿನ ಗಂಟು

ದ್ವೀಪದ ಯಾತ್ರೆಗೆ ಹೊರಟ ಶಿಷ್ಯನೊಬ್ಬ ಗುರುವಿನ ಅಪ್ಪಣೆ ಕೇಳಲು ಬಂದ. ನೋಡಬೇಕಾದ ಗುಡಿಗಳ ಪಟ್ಟಿ ಅವನ ಕೈಯಲ್ಲಿತ್ತು.

"ಗುರುಗಳೇ, ಇದರಲ್ಲಿ ಮೂವತ್ತಾರು ಸ್ಥಳಗಳಿವೆ. ಎಷ್ಟನ್ನು ನೋಡಿದರೆ ಯಾತ್ರೆ ಪೂರ್ತಿಯಾಯಿತು ಅನ್ನಬಹುದು?"

ಗುರು ಪಟ್ಟಿಯನ್ನು ಓದಿ ಹಿಂದಕ್ಕೆ ಕೊಟ್ಟರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಎದುರು ಮನೆಯಲ್ಲಿ ಅವನ ಅಣ್ಣ. ತಂದೆ ತೀರಿಕೊಂಡ ಮೇಲೆ ಮನೆ ಪಾಲಾದಾಗ ತಂದೆಯ ಮಗ್ಗಕ್ಕೆ ಇಬ್ಬರೂ ಹಟ ಹಿಡಿದರು. ಪಂಚರು ಅದನ್ನು ಅಣ್ಣನಿಗೆ ಕೊಟ್ಟರು. ಅಂದಿನಿಂದ ಹನ್ನೆರಡು ವರ್ಷ ನೇಕಾರ ಅಣ್ಣನ ಜೊತೆ ಮಾತಾಡಲಿಲ್ಲ. ಅಣ್ಣನೂ ತಾನಾಗಿ ಬಾಯಿ ಬಿಡಲಿಲ್ಲ.

ಆ ಸೀಮೆಯಲ್ಲಿ ಒಂದು ರೂಢಿ. ಯಾತ್ರೆಗೆ ಹೋಗಲಾರದವರು ಕೈಯಾರೆ ದರ್ಭೆಯ ಗಂಟು ಕಟ್ಟಿ ಹೋಗುವವರ ವಶಕ್ಕೆ ಕೊಡುತ್ತಾರೆ. ಕಟ್ಟಿದವರ ಹೆಸರು ಕೂಗಿ ಅದನ್ನು ಸಮುದ್ರದಲ್ಲಿ ಅದ್ದಿದರೆ ಅವರಿಗೂ ಸ್ನಾನ ಸಂದಂತೆ. ಬೇರೆಯವರ ಕೈಯಲ್ಲಿ ಕಟ್ಟಿಸಿದ್ದು ಸಲ್ಲದು.

ನೇಕಾರ ದ್ವೀಪಕ್ಕೆ ಹೊರಟ ದಿನ ಬೀದಿಯವರೆಲ್ಲ ಬಂದು ಕೊಟ್ಟರು. ಹತ್ತೊಂಬತ್ತು ಗಂಟುಗಳಾದವು. ಮೂಲೆಮನೆಯ ಮುದುಕಿ, "ನನ್ನದನ್ನ ಮೂರು ಸಲ ಅದ್ದಪ್ಪ. ನನ್ನ ಪಾಪ ಒಂದೇ ಸಲಕ್ಕೆ ಬಿಡುವಂಥದ್ದಲ್ಲ" ಅಂದಳು. ಎಲ್ಲರೂ ನಕ್ಕರು.

ಕೊನೆಗೆ ಅಣ್ಣನ ಹೆಂಡತಿ ಬಂದಳು. ಸೆರಗಿನ ಮರೆಯಿಂದ ಒಂದು ಗಂಟು ತೆಗೆದು ನೀಡಿದಳು. ಯಾರದೆಂದು ಹೇಳಬೇಕಾಗಿರಲಿಲ್ಲ.

"ಚೀಲದಲ್ಲಿ ಜಾಗ ಇಲ್ಲ, ಅತ್ತಿಗೆ."

ನೂರು ಹಿಡಿಸುವ ಚೀಲ ಅದು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

ನಲವತ್ತು ದಿನ ನಡೆದು ನೇಕಾರ ದ್ವೀಪ ಸೇರಿದ. ಮೂರು ದಿನ ಸುತ್ತಿದ. ಪಾದದ ಗುರುತಿರುವ ಗುಡ್ಡ ಹತ್ತಿದ. ಕೊಳದಲ್ಲಿ ತೇಲುವ ಕಲ್ಲನ್ನು ಮುಟ್ಟಿದ. ಎರಡು ಕಡಲು ಕೂಡುವಲ್ಲಿ ದೇವಿಯ ಗುಡಿಗೆ ಮರಳಿನಲ್ಲಿ ನಡೆದು ಹೋದ. ಎಲ್ಲ ಕಡೆಯೂ ಕೈ ಮುಗಿದ. ಎಲ್ಲಿ ಕೈ ಮುಗಿದರೂ ಅತ್ತಿಗೆಯ ಕೈ ಕಣ್ಣ ಮುಂದೆ ಬರುತ್ತಿತ್ತು. ಉಳಿದದ್ದು ಎರಡೇ. ಅಮಾವಾಸ್ಯೆಯ ಬೆಳಿಗ್ಗೆ ಸಮುದ್ರಸ್ನಾನ, ಆಮೇಲೆ ಒದ್ದೆ ಬಟ್ಟೆಯಲ್ಲೇ ಮುಖ್ಯ ದೇವರ ದರ್ಶನ.

ದಡದಲ್ಲಿ ಕೂತಿದ್ದ ವೃದ್ಧ ಪುರೋಹಿತ ಊರು ಕೇಳಿದ, ತಂದೆಯ ಹೆಸರು ಕೇಳಿದ. ತಲೆ ಎತ್ತಿ ನೋಡಿದ.

"ನಿನ್ನ ಅಣ್ಣ ಹತ್ತು ವರ್ಷದ ಹಿಂದೆ ಬಂದಿದ್ದನಲ್ಲವೇ? ಮರೆಯುವ ಹಾಗಿಲ್ಲ ಆತನನ್ನು. ಎಲ್ಲರೂ ದರ್ಭೆ ತಂದರೆ ಆ ಪುಣ್ಯಾತ್ಮ ನೂಲು ತಂದಿದ್ದ."

ಅಣ್ಣ ಯಾತ್ರೆಗೆ ಹೋದದ್ದು ನೇಕಾರನಿಗೆ ಗೊತ್ತಿತ್ತು. ಆ ದಿನ ಅವನು ಕದ ಹಾಕಿಕೊಂಡು ಒಳಗೇ ಕೂತಿದ್ದ.

"ನೂಲೇ?" ಅಂದ.

"ಗೇಣುದ್ದದ ನೂಲು. ನಡುವೆ ಒಂದು ಗಂಟು. ದರ್ಭೆ ಎಲ್ಲಯ್ಯ ಅಂದೆ. 'ತಮ್ಮನ ಹತ್ತಿರ ಮಾತಿಲ್ಲ ಸ್ವಾಮಿ. ನಮ್ಮ ಅಪ್ಪ ಕೊನೆಗೆ ಮಗ್ಗಕ್ಕೆ ಹೂಡಿದ ಹಾಸಿನಲ್ಲಿ ಎಳೆ ಕಡಿದಾಗ ತಮ್ಮ ಹಾಕಿದ ಗಂಟು ಇದು. ಅವನ ಕೈಯದೇ. ಸಲ್ಲುತ್ತದೆಯೇ?' ಅಂದ. ನಾನೇನು ಹೇಳಲಿ? ಸಲ್ಲುತ್ತದೆ ಅಂದೆ. ಚೌಡಪ್ಪ ಎಂದು ಕೂಗಿ ಮೂರು ಸಲ ಅದ್ದಿದ. ತಾನು ಮುಳುಗಿದ್ದು ಆಮೇಲೆ."

ನೇಕಾರನ ಹೆಸರೇ ಚೌಡಪ್ಪ.

"ಅಣ್ಣನ ಹೆಸರಿನಲ್ಲಿ ನಾನು ಇಲ್ಲೇ ಒಂದು ಕಟ್ಟಲೇ?"

"ನೀನು ಕಟ್ಟಿದರೆ ಅದು ನಿನ್ನದೇ ಆಗುತ್ತದೆ."

ನೇಕಾರ ಹೆಗಲ ವಸ್ತ್ರವನ್ನು ಬಿಡಿಸಿ ಬೆಳಕಿಗೆ ಹಿಡಿದ. ಎಳೆ ಎಳೆಯಾಗಿ ಹುಡುಕಿದ. ಅದರಲ್ಲಿದ್ದ ಗಂಟುಗಳೆಲ್ಲ ತಾನೇ ಹಾಕಿದವು, ಅಣ್ಣನ ಕೈಯದು ಒಂದೂ ಇರಲಿಲ್ಲ. ವಸ್ತ್ರ ಮಡಚಿಟ್ಟುಕೊಂಡು, ಜೊತೆಗೆ ಬಂದಿದ್ದ ವರ್ತಕನಿಗೆ ಹತ್ತೊಂಬತ್ತು ಗಂಟುಗಳನ್ನೂ ಒಪ್ಪಿಸಿ ಒಂದೊಂದರ ಹೆಸರು ಹೇಳಿದ.

"ಹುಚ್ಚೇನಯ್ಯ ನಿನಗೆ?" ಎಂದ ವರ್ತಕ. "ನೀರು ಕಾಲಿಗೆ ತಾಗುತ್ತಿದೆ. ಮುಳುಗಿ ಎದ್ದು ಹೋಗು."

"ಅವನದನ್ನು ತರುತ್ತೇನೆ. ಮುಳುಗುವುದು ಆಮೇಲೆ. ಮುದುಕಿಯದನ್ನು ಮಾತ್ರ ಮೂರು ಸಲ ಅದ್ದು."

ಮತ್ತೆ ನಲವತ್ತು ದಿನ ನಡೆದ. ತನ್ನ ಮನೆಗೆ ಹೋಗದೆ ನೆಟ್ಟಗೆ ಎದುರು ಮನೆ ಹೊಕ್ಕ. ಅಣ್ಣ ಮಗ್ಗದಲ್ಲಿ ಕೂತಿದ್ದ. ನೇಕಾರ ಒಂದು ಹಿಡಿ ದರ್ಭೆ ಚಾಚಿದ.

"ಅಣ್ಣ, ಒಂದು ಗಂಟು ಕಟ್ಟಿಕೊಡು."

ಅಣ್ಣ ಕಣ್ಣೆತ್ತಲಿಲ್ಲ. "ಚೀಲದಲ್ಲಿ ಜಾಗ ಆಯಿತೇನೋ?"

ನೇಕಾರ ಚೀಲವನ್ನು ಮಗುಚಿ ತೋರಿಸಿದ. ಅದರಲ್ಲಿ ಏನೂ ಇರಲಿಲ್ಲ. ಅಣ್ಣ ಮಗ್ಗದ ಮುಂದೆ ಪಕ್ಕಕ್ಕೆ ಸರಿದು ಜಾಗ ಮಾಡಿದ.

ಗುರು ಇಲ್ಲಿಗೆ ನಿಲ್ಲಿಸಿದರು.

"ಆಮೇಲೆ ಅವನು ದ್ವೀಪಕ್ಕೆ ಹೋದನೇ?" ಶಿಷ್ಯ ಕೇಳಿದ.

"ಹೋಗಲಾಗಲಿಲ್ಲ. ಆ ವರ್ಷವೇ ಅಣ್ಣ ಹಾಸಿಗೆ ಹಿಡಿದ. ಅವನ ಆರೈಕೆಯಲ್ಲೇ ತಮ್ಮನಿಗೂ ವಯಸ್ಸಾಯಿತು."

ಶಿಷ್ಯನಿಗೆ ಸಂಕಟವಾಯಿತು. "ಕಡಲ ದಡದವರೆಗೆ ಹೋಗಿಯೂ ಪಾಪ, ಅವನಿಗೆ ಸ್ನಾನವಾಗಲಿಲ್ಲ."

ಗುರು ಹೇಳಿದರು: "ಅವನ ಸ್ನಾನ ಹತ್ತು ವರ್ಷ ಮೊದಲೇ ಆಗಿತ್ತು."