ಹೊಸ ಯಂತ್ರದ ಮೊದಲ ಅಕ್ಷರ

“ಗುರುಗಳೇ, ನನಗೆ ಗೊತ್ತಿರುವುದೆಲ್ಲ ನೀವು ಕಲಿಸಿದ್ದು. ಇದರಲ್ಲಿ ನನ್ನದು ಅಂತ ಏನಿದೆ?” ಎಂದು ಶಿಷ್ಯೆ ಕೇಳಿದಳು.

ಗುರುಗಳು ಹೇಳತೊಡಗಿದರು.

ಒಬ್ಬ ಇಂಜಿನಿಯರ್ ಇದ್ದ. ದಿನ ತುಂಬದೆ ಹುಟ್ಟಿದ ಕೂಸುಗಳ ಉಸಿರು ಕಾಯುವ ಉಪಕರಣ ಮಾಡುತ್ತಿದ್ದ. ಅದರೊಳಗಿನ ಚಿಪ್ ಸಿಗದಂತಾಯಿತು. ಹೊಸ ಚಿಪ್ಪಿನ ಯಂತ್ರ ಬಂತು, ಅದರ ಭಾಷೆಯೇ ಬೇರೆ. ಉಪಕರಣದ ಕೆಲಸವನ್ನೆಲ್ಲ ನಡೆಸುವ ಆಪರೇಟಿಂಗ್ ಸಿಸ್ಟಮ್ಮನ್ನು ಅದರ ಮೇಲೆ ಹೊಸದಾಗಿ ನೆಲೆಗೊಳಿಸಬೇಕಿತ್ತು.

ಮನುಷ್ಯ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವುದು ಕಂಪೈಲರ್. ಆ ತುಂಡುಗಳನ್ನು ಜೋಡಿಸಿ, ಯಾವುದು ಎಲ್ಲಿ ಕೂರಬೇಕೆಂದು ಗೊತ್ತುಮಾಡುವುದು ಲಿಂಕರ್. ಹೊಸ ಯಂತ್ರಕ್ಕೆ ಎರಡೂ ಇರಲಿಲ್ಲ. ಅವನು ತನ್ನ ಹಳೆಯ ಕಂಪ್ಯೂಟರಿನಲ್ಲೇ ಅವನ್ನು ಸಿದ್ಧಪಡಿಸಿದ. ಪರದೆಯ ಮೇಲೆ ಒಂದೇ ಒಂದು ಅಕ್ಷರ ಮೂಡಿಸು ಎಂದು ಬರೆದು ಕಳಿಸಿದ. ಯಂತ್ರ ಸುಮ್ಮನಿತ್ತು. ಮೂರು ವಾರವಾದರೂ ಸುಮ್ಮನೇ ಇತ್ತು.

ಆಸ್ಪತ್ರೆಯಲ್ಲಿ ಏಳು ಕೂಸುಗಳಿದ್ದವು. ನಡೆಯುವ ಉಪಕರಣ ನಾಲ್ಕೇ. ಉಳಿದ ಮೂರು ಕೂಸುಗಳ ಪಕ್ಕ ತಾಯಂದಿರೇ ಕುಳಿತು ಉಸಿರೆಣಿಸುತ್ತಿದ್ದರು.

ಆ ಯಂತ್ರಕ್ಕೆ ಬೆಸುಗೆ ಹಾಕಿದ್ದ ವಯಸ್ಸಾದ ಹೆಂಗಸೊಬ್ಬಳು ಅವನನ್ನು ಕೇಳಿದಳು: “ಎಚ್ಚರವಾದ ಕೂಡಲೆ ಇದು ಮೊದಲು ಎಲ್ಲಿ ನೋಡುತ್ತದಪ್ಪಾ?”

“ಎಲ್ಲ ಯಂತ್ರಗಳೂ ನೋಡುವ ಕಡೆಯೇ, ಅಮ್ಮಾ.”

“ಹಾಗಂತ ಇದು ಹೇಳಿತಾ ನಿನಗೆ?”

ಅವನು ಕೈಪಿಡಿ ತೆರೆದು ನೋಡಿದ. ಮೊದಲ ಆಜ್ಞೆಗಾಗಿ ಈ ಯಂತ್ರ ತನ್ನ ನೆನಪಿನಲ್ಲಿ ನೋಡುವ ಜಾಗ ಬೇರೆಯೇ ಇತ್ತು. ಲಿಂಕರಿಗೆ ಅವನು ಜಾಗ ಹೇಳಿರಲಿಲ್ಲ. ಅದು ಹಳೆಯ ಕಂಪ್ಯೂಟರಿನ ರೂಢಿಯಂತೆ ಎಲ್ಲವನ್ನೂ ಜೋಡಿಸಿತ್ತು. ಬರೆದದ್ದರಲ್ಲಿ ತಪ್ಪಿರಲಿಲ್ಲ, ಇಟ್ಟ ಜಾಗ ತಪ್ಪಿತ್ತು.

ಒಂದು ಸಾಲು ತಿದ್ದಿದ. ಅಕ್ಷರ ಮೂಡಿತು. ಹೆಂಗಸು ಕೈಮುಗಿದಳು.

ಆಮೇಲೆ ಕೆಲಸ ಸರಾಗವಾಯಿತು, ಆಪರೇಟಿಂಗ್ ಸಿಸ್ಟಮ್ಮೂ ನೆಲೆಗೊಂಡಿತು. ಹಳೆಯ ಕಂಪ್ಯೂಟರಿನಲ್ಲಿ ಈ ಸಲ ಹೊಸ ಯಂತ್ರದೊಳಗೇ ನಡೆಯುವಂಥ ಒಂದು ಕಂಪೈಲರ್ ಕಟ್ಟಿ, ಅದರೊಳಗಿಟ್ಟ. ಇನ್ನು ನಿನ್ನ ಕಂಪೈಲರನ್ನು ನೀನೇ ಕಟ್ಟಿಕೋ ಎಂದು ಅದಕ್ಕೆ ಆಜ್ಞೆ ಕೊಟ್ಟ. ಯಂತ್ರ ಕಟ್ಟಿಕೊಂಡಿತು. ಹಳೆಯ ಕಂಪ್ಯೂಟರ್ ಕಟ್ಟಿದ್ದನ್ನೂ ಹೊಸ ಯಂತ್ರ ಕಟ್ಟಿಕೊಂಡದ್ದನ್ನೂ ಅಕ್ಕಪಕ್ಕದಲ್ಲಿಟ್ಟು ಹೋಲಿಸಿದ. ಲಕ್ಷಾಂತರ ಅಂಕಿಗಳಲ್ಲಿ ಒಂದೂ ಬೇರೆಯಿರಲಿಲ್ಲ.

ವಾರದೊಳಗೆ ಹೊಸ ಚಿಪ್ಪಿನ ಮೂರು ಉಪಕರಣ ಆಸ್ಪತ್ರೆಗೆ ಹೋದವು. ಆ ತಾಯಂದಿರು ಕುಳಿತಲ್ಲೇ, ಹಗಲಲ್ಲೇ ನಿದ್ದೆಹೋದರು.

ಗುರುಗಳು ನಿಲ್ಲಿಸಿದರು.

ಶಿಷ್ಯೆಗೆ ಸಮಾಧಾನವಾಗಲಿಲ್ಲ. “ಒಂದು ಅಂಕಿಯೂ ಬೇರೆಯಿಲ್ಲವೆಂದರೆ, ಹೊಸ ಯಂತ್ರದ್ದು ಬರೀ ನಕಲೇ ಆಯಿತಲ್ಲ?”

“ಅದು ಇರುವುದು ಹೊಸ ಯಂತ್ರದ ಭಾಷೆಯಲ್ಲಿ. ಮೊದಲು ಕಟ್ಟಿಕೊಟ್ಟ ಹಳೆಯ ಕಂಪ್ಯೂಟರಿಗೆ ಅದರ ಒಂದು ಪದವೂ ಅರ್ಥವಾಗುವುದಿಲ್ಲ, ತಾಯಿ.”