ಹೆಣ್ಣಿನ ಕಡೆಯ ಬೆಂಚು

ಗದಗಿನ ಆಚೆ, ನೇಕಾರರೇ ಹೆಚ್ಚಾಗಿದ್ದ ಒಂದು ಸಣ್ಣ ಕ್ರೈಸ್ತ ಸಭೆಗೆ ನಮ್ಮ ತಂದೆಯವರಾದ ರೆವರೆಂಡ್ ಎಲೀಷ ಕಟ್ಟಿಮನಿಯವರು ಸಭಾಪಾಲಕರಾಗಿದ್ದರು. ಅವರಿಗಿದ್ದುದು ಒಂದೇ ಬಿಳಿಯ ನಿಲುವಂಗಿ. ಮೊಣಕೈಯ ಬಳಿ ನಮ್ಮ ತಾಯಿ ದೀನಮ್ಮನವರು ಅದಕ್ಕೆ ಎರಡು ಸಲ ತೇಪೆ ಹಾಕಿದ್ದರು. ಪ್ರತಿ ಶನಿವಾರ ಸಂಜೆ ತಂದೆಯವರು ಪಡಸಾಲೆಯಲ್ಲಿ ಕಂಬಳಿ ಹಾಸಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ತಾವೇ ಅದನ್ನು ಇಸ್ತ್ರಿ ಮಾಡಿಕೊಳ್ಳುತ್ತಿದ್ದರು. ಮನೆಯಲ್ಲಿ ಹೆಣ್ಣುಮಕ್ಕಳಿದ್ದರೂ ನಮ್ಮ ಕೈಗೆ ಕೊಡುತ್ತಿರಲಿಲ್ಲ. “ಸುಟ್ರ ನಾನ ಸುಡತೀನಿ. ನಿಮಗ ಬೈಯೂದು ತಪ್ಪತೈತಿ” ಎನ್ನುತ್ತಿದ್ದರು.

ಆ ಸಭೆಯವರು ಈಗ ಅವರ ಭಾವಚಿತ್ರವನ್ನು ದೇವಾಲಯದಲ್ಲಿ ತೂಗುಹಾಕಿದ್ದಾರೆ. ಸ್ಮರಣ ಸಂಚಿಕೆಯ ಒಂದು ಪ್ರತಿ ನಾನಿರುವ ಜಬಲ್ಪುರದವರೆಗೂ ಬಂತು. ‘ಸೌಮ್ಯ ಸ್ವಭಾವದವರು, ಸರ್ವರ ಪ್ರೀತಿಗೆ ಪಾತ್ರರಾಗಿದ್ದರು’ ಎಂದು ಬರೆದಿದ್ದಾರೆ. ಸರ್ವರು ಎಂದರೆ ಯಾರು? ಆ ಸರ್ವರು ಒಂದು ದಿನ ಎಲ್ಲಿ ಹೋಗಿ ಕುಳಿತಿದ್ದರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂಚಿಕೆಯಲ್ಲಿ ಅದರ ಒಂದು ಸಾಲೂ ಇಲ್ಲ. ಆದ್ದರಿಂದ ಈ ವಯಸ್ಸಿನಲ್ಲಿ ಪೆನ್ನು ಹಿಡಿದಿದ್ದೇನೆ.

ನಮ್ಮ ದೇವಾಲಯದ ಬೋರ್ಡಿಂಗಿನಲ್ಲಿ ತಬಿತಾ ಎಂಬ ಹುಡುಗಿ ಬೆಳೆದಿದ್ದಳು. ಹಸುಗೂಸಾಗಿದ್ದಾಗ ಯಾರೋ ಅವಳನ್ನು ದೇವಾಲಯದ ಮೆಟ್ಟಿಲ ಮೇಲೆ ಬಿಟ್ಟುಹೋಗಿದ್ದರು. ಓದಿ ಶಾಲಾ ಶಿಕ್ಷಕಿಯಾದಳು. ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದ ಆಮೋಸ ಅವಳನ್ನು ಮೆಚ್ಚಿದ. ಅವನ ತಾಯಿಯೂ ಒಪ್ಪಿದರು. ನಮ್ಮಲ್ಲಿ ಮದುವೆಗೆ ಮುಂಚೆ ಮೂರು ಆದಿತ್ಯವಾರ, ಇಂಥವರ ಮಗನಿಗೂ ಇಂಥವರ ಮಗಳಿಗೂ ವಿವಾಹ, ಆಕ್ಷೇಪಣೆಯಿದ್ದವರು ತಿಳಿಸಬೇಕು ಎಂದು ಸಭೆಯ ಮುಂದೆ ಓದುವುದು ಪದ್ಧತಿ. ಮೊದಲ ಆದಿತ್ಯವಾರ ತಂದೆಯವರು ‘ನಮ್ಮ ಬೋರ್ಡಿಂಗಿನಲ್ಲಿ ಬೆಳೆದ ತಬಿತಾ’ ಎಂದು ಓದಿದರು. ಯಾರೂ ಆಕ್ಷೇಪಿಸಲಿಲ್ಲ.

ಎರಡನೆಯ ಆದಿತ್ಯವಾರ, ಆಮೋಸನ ದೊಡ್ಡಪ್ಪನೂ ಸಭೆಯ ಹಿರಿಯರೂ ಆದ ಥಿಯೋಫಿಲಪ್ಪ ಗುಡಗೇರಿಯವರು ಎದ್ದು ನಿಂತರು.

“ಬೆಳದದ್ದು ಎಲ್ಲೆ ಅಂತ ಗೊತ್ತೈತ್ರಿ ಅಯ್ಯನವರ. ಹುಟ್ಟಿದ್ದು ಯಾರಿಗೆ? ತಂದಿ ಹೆಸರು ಓದ್ರಿ.”

ಹೆಂಗಸರ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹಾಡಿನ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡು ನಕ್ಕರು. ತಬಿತಾ ಬೋರ್ಡಿಂಗಿನ ಮಕ್ಕಳ ನಡುವೆ ತಲೆ ತಗ್ಗಿಸಿ ಕುಳಿತಿದ್ದಳು. ತಂದೆಯವರ ಕಿವಿಗಳು ಕೆಂಪಾದವು. ಸೌಮ್ಯ ಸ್ವಭಾವವಂತೆ! “ಮುಂದಿನ ಆದಿತ್ಯವಾರ ಓದತೀನಿ” ಎಂದಷ್ಟೇ ಹೇಳಿ ಪುಸ್ತಕ ಮುಚ್ಚಿದರು.

ಆ ವಾರವೇ ಆಮೋಸನ ತಾಯಿ ಮಾತು ತಿರುಗಿಸಿದರು. ಹೆಸರಿಲ್ಲದ ಹುಡುಗಿಯನ್ನು ತಂದರೆ ಗುಡಗೇರಿಯವರು ಹೊಸ್ತಿಲು ತುಳಿಯುವುದಿಲ್ಲವೆಂದು ಅವರಿಗೆ ಹೆದರಿಕೆ. ಶನಿವಾರ ಸಂಜೆ ತಬಿತಾ ನಮ್ಮ ಮನೆಗೆ ಬಂದಳು. ತಂದೆಯವರು ನಿಲುವಂಗಿಯ ಮುಂದೆ ಕುಳಿತಿದ್ದರು.

“ಅಯ್ಯನವರ, ಮದುವಿ ಬ್ಯಾಡ್ರಿ. ನಾಳೆ ನನ್ನ ಹೆಸರು ಓದಬ್ಯಾಡ್ರಿ. ಇನ್ನೊಮ್ಮೆ ಆ ನಗು ಕೇಳಾಕ ನನ್ನ ಕೈಲಿ ಆಗೂದಿಲ್ಲ.”

“ಓದೂದು ನನ್ನ ಕೆಲಸವ್ವ. ನೀ ಬಂದು ಕೂಡು, ಸಾಕು” ಎಂದರು ತಂದೆಯವರು.

ಮರುದಿನ ದೇವಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪ್ರಾರ್ಥನೆಗೆ ಬಾರದವರು ತಮಾಷೆಗೆ ಬಂದಿದ್ದರು. ತಂದೆಯವರು ಒಂದೊಂದೇ ಅಕ್ಷರ ಬಿಡಿಸಿ ಓದಿದರು: “ಎಲೀಷ ಕಟ್ಟಿಮನಿ ಮತ್ತು ದೀನಮ್ಮ, ಇವರ ಸಾಕುಮಗಳು ತಬಿತಾ.”

ಥಿಯೋಫಿಲಪ್ಪನವರು ಮತ್ತೆ ಎದ್ದರು. “ಯಾವಾಗಿಂದ ಸಾಕುಮಗಳ್ರಿ? ದೇವರ ಮನ್ಯಾಗ ನಿಂತು ಸುಳ್ಳು ಹೇಳತೀರೇನು?”

ತಂದೆಯವರು ದೀಕ್ಷಾಸ್ನಾನದ ಹಳೆಯ ದಾಖಲೆ ಪುಸ್ತಕವನ್ನು ತೆರೆದರು. ವಾರವಿಡೀ ಅದನ್ನೇ ಹುಡುಕಿದ್ದರು. “ಇಪ್ಪತ್ತೊಂದು ವರ್ಷದ ಹಿಂದ ಈ ಕೂಸಿಗೆ ದೀಕ್ಷಾಸ್ನಾನ ಆತು. ಕೂಸಿನ ಹೊಣಿ ಹೊರೂ ಜ್ಞಾನ ತಂದೆತಾಯಿ ಅನ್ನೂ ಕಡೆ ‘ಸಭೆಯವರೆಲ್ಲರೂ’ ಅಂತ ಬರದೈತಿ. ಸಭೆಯ ಪರವಾಗಿ ರುಜು ಮಾಡಿದವರು ನೀವು, ಥಿಯೋಫಿಲಪ್ಪ. ಹೆಸರು ಓದಬೇಕಂದ್ರ ಮೊದಲು ನಿಮ್ಮದ ಓದಬೇಕಾಗಿತ್ತು. ನೀವು ಆಕೀನ್ನ ಒಲ್ಲೆ ಅಂದ್ರಿ, ಅದಕ ನನ್ನದು ಓದೀನಿ.”

ನಗು ಕೇಳಿಸಲಿಲ್ಲ. ಥಿಯೋಫಿಲಪ್ಪನವರು ಕುಳಿತರು. ಆದರೆ ಪಶ್ಚಾತ್ತಾಪಪಟ್ಟರೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಹುಡುಗಿಗೆ ಒಂದು ಹೆಸರು ಸಿಕ್ಕಿತಲ್ಲ, ಆಮೋಸನ ತಾಯಿಗೆ ಅಷ್ಟೇ ಸಾಕಾಗಿತ್ತು. ನಿಂತೇಹೋಯಿತು ಎಂದುಕೊಂಡಿದ್ದ ಮದುವೆ ನಿಶ್ಚಯವಾಯಿತು. ಆರತಿ ಅಕ್ಷತೆ ಇಲ್ಲದ ನಮ್ಮ ಮದುವೆಯಲ್ಲಿ ಹೆಣ್ಣನ್ನು ತಂದೆ ಕೈಹಿಡಿದು ಒಳಗೆ ಕರೆತರುವುದೇ ದೊಡ್ಡ ಗಳಿಗೆ. ಅದಕ್ಕಾಗಿ ತಂದೆಯವರು ನೆರೆಯ ಸಭೆಯ ಪಾಲಕರನ್ನು ಮದುವೆ ನಡೆಸಲು ಕರೆದರು. ತಾವು ನಿಲುವಂಗಿ ಬಿಟ್ಟು ಹಳೆಯ ಕರಿ ಕೋಟು ತೊಟ್ಟರು. ತಾಯಿಯವರು ತಮ್ಮ ಮದುವೆಯ ಬಿಳಿ ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ತಬಿತಾಳಿಗೆ ಉಡಿಸಿದರು.

ಅದು ನನಗೆಂದು ಇಟ್ಟ ಸೀರೆ. ನನಗೆ ಆಗ ಹತ್ತೊಂಬತ್ತು. ಹಿರಿಯ ಮಗಳು ನಾನು.

“ಅಪ್ಪಾ, ಇದ್ದೊಂದು ಸೀರಿನೂ ಕೊಟ್ರಿ. ನಿಮ್ಮ ಕೈ ಹಿಡಕೊಂಡು ಮೊದಲು ಒಳಗ ಹೋಗಾಕಿನೂ ಆಕಿನ. ನಾ ಯಾರ ಮಗಳು ಹಂಗಾರ?” ಎಂದು ಕೇಳಿದೆ.

ತಂದೆಯವರು ಕೋಟಿನ ಗುಂಡಿ ಹಾಕಿಕೊಳ್ಳುತ್ತ ಹೇಳಿದರು: “ನಿನಗ ಹತ್ತೊಂಬತ್ತು ವರ್ಷದಿಂದ ಅಪ್ಪ ಅದಾನವ್ವ. ಆಕೀಗೆ ಹೋದ ಆದಿತ್ಯವಾರದಿಂದ.”

ಆದರೂ ಸಿಟ್ಟು ಇಳಿಯಲಿಲ್ಲ. ದೇವಾಲಯಕ್ಕೆ ಹೋಗಿ ಗಂಡಿನ ಕಡೆಯ ಸಾಲಿನಲ್ಲಿ, ಥಿಯೋಫಿಲಪ್ಪನವರ ಹೆಂಡತಿ ಸಲೋಮೆಮ್ಮನವರ ಪಕ್ಕದಲ್ಲಿ ಕುಳಿತೆ. ಅವರು ಸಂತೋಷದಿಂದ ಜಾಗ ಕೊಟ್ಟರು.

ಆಗ ಕಂಡೆ. ಗಂಡಿನ ಕಡೆ ಬೆಂಚುಗಳೆಲ್ಲ ತುಂಬಿ, ಜನ ಗೋಡೆಗೆ ಆತು ನಿಂತಿದ್ದರು. ಹೆಣ್ಣಿನ ಕಡೆ ಬೋರ್ಡಿಂಗಿನ ಮಕ್ಕಳು ಹಿಂದಿನ ಎರಡು ಬೆಂಚಿನಲ್ಲಿ, ನಮ್ಮ ತಾಯಿ ಮತ್ತು ನನ್ನ ಇಬ್ಬರು ತಂಗಿಯರು ಮುಂದಿನದರಲ್ಲಿ. ನಡುವಿನ ಬೆಂಚುಗಳೆಲ್ಲ ಖಾಲಿ. ತಂದೆಯವರು ಯಾರ ಜ್ವರಕ್ಕೆ ರಾತ್ರಿಯೆಲ್ಲ ಕುಳಿತಿದ್ದರೋ, ಯಾರ ಮನೆಯ ಹೆಣಕ್ಕೆ ಹೆಗಲು ಕೊಟ್ಟಿದ್ದರೋ, ಅವರೆಲ್ಲ ನಾನಿದ್ದ ಕಡೆ ಒತ್ತಿಕೊಂಡು ನಿಂತಿದ್ದರು.

ಬಾಗಿಲಲ್ಲಿ ತಂದೆಯವರು ತಬಿತಾಳ ಕೈಹಿಡಿದು ಕಾಣಿಸಿಕೊಂಡರು. ಆ ಖಾಲಿ ಬೆಂಚುಗಳನ್ನು ಅವರೂ ನೋಡಿದರು. ಹೆಜ್ಜೆ ತಡೆಯಲಿಲ್ಲ. ನನ್ನ ಪಕ್ಕದಲ್ಲಿ ಸಲೋಮೆಮ್ಮನವರು ಮೆಲ್ಲಗೆ ಅಂದರು: “ನೋಡು, ಹೆಂಗ ತರಾಕತ್ತಾನ, ಹಡದವರಂಗ.”

ನಾನು ಎದ್ದೆ.

“ಎಲ್ಲೆ ಹೊಂಟಿ? ಕೂಡು, ಚಲೋ ಕಾಣತೈತಿ ಇಲ್ಲಿಂದ” ಎಂದು ಅವರು ಸೆರಗು ಜಗ್ಗಿದರು.

“ನಮ್ಮಕ್ಕನ ಮದುವಿ ಐತ್ರಿ. ದಾರಿ ಬಿಡ್ರಿ” ಎಂದೆ. ಆ ಮಾತು ನನ್ನ ಬಾಯಿಂದ ಬಂದೀತೆಂದು ನನಗೇ ಗೊತ್ತಿರಲಿಲ್ಲ.

ಇಡೀ ಸಭೆ ನೋಡುತ್ತಿರಲು ನಡುವಿನ ದಾರಿ ದಾಟಿ, ಮುಂದಿನ ಬೆಂಚಿನ ತುದಿಯಲ್ಲಿ ಕುಳಿತೆ. ತಂದೆಯವರು ತಬಿತಾಳ ಕೈಯನ್ನು ಆಮೋಸನ ಕೈಯಲ್ಲಿಟ್ಟು ಬಂದು ನನ್ನ ಬಳಿ ನಿಂತರು. ನನ್ನನ್ನು ಹೊಗಳಲಿಲ್ಲ, ತಲೆ ಸವರಲಿಲ್ಲ. ಬಗ್ಗಿ ಇಷ್ಟೇ ಹೇಳಿದರು:

“ತುದಿಗೆ ಕೂಡಬ್ಯಾಡವ್ವ, ಒಳಗ ಸರಿ. ಇನ್ನೂ ಮಂದಿ ಬರತಾರ.”

ಕೊನೆಯ ಹಾಡು ಮುಗಿಯುವವರೆಗೂ ಯಾರೂ ಬರಲಿಲ್ಲ. ಆದರೂ ನಾನು ಜಾಗ ಬಿಟ್ಟು ಒಳಗೆ ಸರಿದು ಕುಳಿತೆ.